ಉಯ್ಯಾಲೆ ತೊಲೆಯ ಋಣ

ಕಳೆದ ಭಾನುವಾರ ಸಂಜೆ ಮಂಗಳೂರಿನ ಕುಲಶೇಖರದಲ್ಲಿ, ಗಿಟಾರ್ ಮಾಸ್ಟ್ರ ಮನೆಯ ಜಗಲಿಯಲ್ಲಿ ಕೂತು ನಾಲ್ಕು ಗಿಟಾರುಗಳಿಗೆ ತಂತಿ ಕಟ್ಟಿದೆವು. ನಾಲ್ಕೂ ಕೈಯಲ್ಲೇ ಮಾಡಿದ್ದು. ನಾಲ್ಕರ ಬೆನ್ನು, ಪಕ್ಕ ಎಲ್ಲ ಒಂದೇ ಬೀಟೆ ತೊಲೆಯಿಂದ ಸೀಳಿದ್ದು. ಅದರಲ್ಲಿ ಒಂದು ನನ್ನದು. ಮೂರು ವರ್ಷ ಹಿಡಿಯಿತು. ಈ ಮೂರು ವರ್ಷದಲ್ಲಿ ಎಷ್ಟೋ ಜನರಿಗೆ ಅವಸರದಲ್ಲಿ, ಅರ್ಧ ಬಾಯಲ್ಲಿ ಥ್ಯಾಂಕ್ಸ್ ಹೇಳಿ ಬಂದಿದ್ದೇನೆ. ಇವತ್ತು ಪೂರ್ತಿ ಹೇಳಬೇಕು ಅಂತ ಕೂತಿದ್ದೇನೆ.

ಮೊದಲು ಮಾವನಿಗೆ, ಅಂದರೆ ಅಮ್ಮನ ಅಣ್ಣನಿಗೆ. ಕಾರ್ಕಳದ ಹತ್ತಿರದ ನಮ್ಮ ಅಜ್ಜಿಮನೆಯದ್ದು ಮಣ್ಣಿನ ಗೋಡೆ, ಹಂಚಿನ ಮಾಡು. ಎರಡು ಮಳೆಗಾಲದ ಹೊಡೆತಕ್ಕೆ ಹಿಂಬದಿಯ ಗೋಡೆ ಕುಸಿದು, ಮನೆ ಕಳಚದೆ ಬೇರೆ ದಾರಿ ಇರಲಿಲ್ಲ. ಮಾಡಿನ ಮರವೆಲ್ಲ ಹಲಸು, ಕಿರಾಲ್‌ಬೋಗಿ. ಚಾವಡಿಯಲ್ಲಿ ಉಯ್ಯಾಲೆ ತೂಗುತ್ತಿದ್ದ ತೊಲೆ ಮಾತ್ರ ಬೀಟೆ. 9 ಇಂಚು ಅಗಲ, 3 ಇಂಚು ದಪ್ಪ, 8 ಅಡಿ ಉದ್ದ. ಅಮ್ಮ ಹುಟ್ಟುವ ಮೊದಲೇ ಅಲ್ಲಿತ್ತು. ಹಳೆ ಮರ ಕೊಳ್ಳುವವರು ಬಂದು ಅದಕ್ಕೇ ಕಣ್ಣು ಹಾಕಿದರು, ಒಳ್ಳೆಯ ರೇಟನ್ನೂ ಹೇಳಿದರು. ಹೊಸ ಮನೆ ಕಟ್ಟಲು ಮಾವನಿಗೆ ದುಡ್ಡು ಬೇಕಿತ್ತು. ಆದರೂ ಅದೊಂದನ್ನು ಕೊಡಲಿಲ್ಲ. ನನಗೆ ಫೋನ್ ಮಾಡಿ, "ನೀನು ಗಿಟಾರಿಗೆ ಮರ ಹುಡುಕ್ತಾ ಇದ್ದೆ ಅಲ್ವಾ, ಇದು ಆಗ್ತದಾ ನೋಡು" ಅಂದರು. ಇಷ್ಟೇ ಮಾತು.

ಆಗ್ತದಾ ಅಂತ ಕೇಳಿದ್ದು ಎಂಥ ಮರದ ಬಗ್ಗೆ ಅಂತ ಮಾವನಿಗೆ ಗೊತ್ತಿರಲಿಲ್ಲ. ಗಿಟಾರಿನ ಬೆನ್ನಿಗೆ ಬೀಟೆ ಅಂದರೆ ಲೋಕಕ್ಕೇ ಪ್ರೀತಿ. ಅಮೆರಿಕದ ಮಾರ್ಟಿನ್ ಕಂಪೆನಿ ಮೊದಲು ಬ್ರೆಜಿಲ್‌ನ ಬೀಟೆ ಬಳಸುತ್ತಿತ್ತು. ಅಲ್ಲಿಂದ ದಿಮ್ಮಿ ಬರುವುದು ನಿಂತ ಮೇಲೆ 1969ರಲ್ಲಿ ನಮ್ಮ ದೇಶದ ಬೀಟೆಗೆ ಬಂತು. ಈಗ ನಮ್ಮದೂ ಕಡಿಮೆಯಾಗಿದೆ. 2017ರ ಜನವರಿಯಿಂದ ಬೀಟೆಯ ಇಡೀ ಕುಲವೇ ಸೈಟಿಸ್ ಒಪ್ಪಂದದ (ಅಳಿವಿನ ಭಯವಿರುವ ಗಿಡಮರ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಗೆ ಸೇರಿ, ದೇಶ ದಾಟಬೇಕಾದರೆ ಕಾಗದಪತ್ರ ಬೇಕಾಯಿತು. ಆಮೇಲೆ 2019ರಲ್ಲಿ, ಮಾಡಿ ಮುಗಿಸಿದ ವಾದ್ಯಗಳಿಗೆ ಮಾತ್ರ ಇದರಿಂದ ವಿನಾಯಿತಿ ಸಿಕ್ಕಿತು. ನಮ್ಮ ಜಾಗದಲ್ಲೇ ಬೆಳೆದ ಬೀಟೆಯಾದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಡಿಯುವ ಹಾಗಿಲ್ಲ. ಇರಲಿ, ಅದು ಹಾಗೆಯೇ ಇರಬೇಕು. ನಿಂತ ಮರ ಕಡಿಸಿ ಗಿಟಾರು ಮಾಡುವ ಮನಸ್ಸು ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅದಕ್ಕೇ ವರ್ಷಗಟ್ಟಲೆ ಹಳೆ ಮರ ಹುಡುಕುತ್ತಾ ಇದ್ದದ್ದು. ತೊಲೆಯನ್ನು ಕಾರ್ಕಳದಿಂದ ಮಂಗಳೂರಿಗೆ ತರುವ ಮೊದಲು ಇಲಾಖೆಯ ಕಚೇರಿಗೆ ಹೋಗಿ ಕೇಳಿದಾಗ, ಏನೇನು ಕಾಗದ ಬೇಕು ಅಂತ ತಾಳ್ಮೆಯಿಂದ ಹೇಳಿ ಮಾಡಿಸಿಕೊಟ್ಟ ಅಧಿಕಾರಿಗೂ ನನ್ನ ನಮಸ್ಕಾರ.

ಒಂದು ತೊಲೆ ಒಬ್ಬರಿಗೇ ಯಾಕೆ ಅಂತ ಮೊದಲ ದಿನವೇ ಅನಿಸಿತ್ತು. ಮಾಸ್ಟ್ರಿಗೆ ಹೇಳಿದೆ. ಅವರು ಚರ್ಚಿನ ಕಾಯರ್‌ನಲ್ಲಿ ಮೂವತ್ತು ವರ್ಷ ಗಿಟಾರ್ ನುಡಿಸಿದವರು. ನನಗೂ ಕಲಿಸಿದವರು. ಕಟಪಾಡಿಯ ಆಚಾರ್ರಿಗೆ ಹೇಳಿದೆ. ಬಾಗಿಲು, ಮಂಚ, ದೇವರ ಪೀಠ ಎಲ್ಲ ಮಾಡಿದ ಕೈ ಅವರದ್ದು, ವಾದ್ಯ ಮಾತ್ರ ಮಾಡಿರಲಿಲ್ಲ. ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನನ್ನ ಹಳೆ ವಿದ್ಯಾರ್ಥಿಯೊಬ್ಬ ವಿಷಯ ಕೇಳಿದವನೇ ಓಡಿ ಬಂದ. ನಾಲ್ವರಾದೆವು.

ಬಂದರಿನ ಕಡೆಯ ಸಾಮಿಲ್ಲಿನ ಕಾಕನ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯಬೇಕು. ನಮಗೆ ಬೇಕಾದದ್ದು 4 ಮಿಲಿಮೀಟರ್ ದಪ್ಪದ ಸೀಳು. ಒಂದೊಂದು ಸೀಳಿಗೂ ಗರಗಸ ತನ್ನ ಪಾಲು ತಿನ್ನುತ್ತದೆ. ಸಾಮಾನ್ಯ ಬ್ಲೇಡ್ ಹಾಕಿದರೆ ಅರ್ಧ ಮರ ಹೊಟ್ಟಾಗಿ ಹೋಗುತ್ತಿತ್ತು. ಕಾಕ ನಮಗೋಸ್ಕರ ತೆಳ್ಳಗಿನ ಹೊಸ ಬ್ಲೇಡ್ ಏರಿಸಿದರು. ಅದಕ್ಕೂ ಮೊದಲು ಒಂದು ಅಯಸ್ಕಾಂತ ಹಿಡಿದು ತೊಲೆಯ ಮೈಯೆಲ್ಲ ಸವರಿ, ಒಳಗೆ ಮುರಿದು ಕೂತಿದ್ದ ಮೊಳೆ ಹುಡುಕಿ ಒಂದೊಂದಾಗಿ ಕಿತ್ತರು. ಆಮೇಲೆ ಕೆಲಸದ ಹುಡುಗರನ್ನು ಆಚೆ ನಿಲ್ಲಿಸಿ ತಾವೇ ಮಿಷಿನ್ನಿಗೆ ನಿಂತರು. ತುಂಬ ನಿಧಾನ. ಹೊರಗೆ ಹೊಗೆ ಹಿಡಿದು ಕಪ್ಪಾಗಿದ್ದ ತೊಲೆ, ಮೊದಲ ಸೀಳು ಬಿಚ್ಚಿದಾಗ ಒಳಗೆ ನೇರಳೆ ಬಣ್ಣ! ನಡುವೆ ಕಪ್ಪು ಗೆರೆ. ಗುಲಾಬಿಯಂಥ ಸಿಹಿ ವಾಸನೆ ಮಿಲ್ಲೆಲ್ಲ ತುಂಬಿತು. ಇಂಗ್ಲಿಷಿನವರು ಇದಕ್ಕೆ ರೋಸ್‌ವುಡ್ ಅಂತ ಯಾಕೆ ಅಂದರು ಅಂತ ಅವತ್ತು ಮೂಗಿಗೆ ಗೊತ್ತಾಯಿತು. ಕಾಕ ಒಂದು ಸೀಳನ್ನು ಎರಡು ಬೆರಳಲ್ಲಿ ತೂಗಿಸಿ ಹಿಡಿದು, ಹಲಸಿನಕಾಯಿ ತಟ್ಟಿ ನೋಡುವ ಹಾಗೆ ಗೆಣ್ಣಿನಿಂದ ತಟ್ಟಿದರು. ಗಂಟೆ ಬಡಿದ ಹಾಗೆ ಕೇಳಿತು. ಸದ್ದು ಆರುವವರೆಗೆ ನಮ್ಮಲ್ಲಿ ಯಾರೂ ಮಾತಾಡಲಿಲ್ಲ. ಕೂಲಿ ಎಷ್ಟು ಅಂದರೆ, "ಹುಡುಗರಿಗೆ ಚಾ ಕುಡಿಸಿ, ಸಾಕು" ಅಂದರು. ಕಾಕಾ, ಆ ದಿನದ ಕೆಲಸಕ್ಕೆ ಚಾ ಸಾಕಾಗುವುದಿಲ್ಲ ಅಂತ ನನಗೂ ಗೊತ್ತು, ನಿಮಗೂ ಗೊತ್ತು.

ಬಿರುಕು, ಹುಳದ ತೂತು ಎಲ್ಲ ಕಳೆದು ಉಳಿದದ್ದು ಐದು ಸೆಟ್. ಒಂದು ಸೆಟ್ ಅಂದರೆ ಬೆನ್ನಿಗೆ ಎರಡು ಹಲಗೆ, ಪಕ್ಕಕ್ಕೆ ಎರಡು ಪಟ್ಟಿ. ಒಂದರ ಹಿಂದೆ ಒಂದು ಸೀಳಿದ ಜೋಡಿಯನ್ನು ಪುಸ್ತಕ ಬಿಡಿಸಿದ ಹಾಗೆ ತೆರೆದಿಟ್ಟರೆ ಈಚೆಯ ಗೆರೆಯೇ ಆಚೆ ಕನ್ನಡಿಯಲ್ಲಿ ಕಂಡ ಹಾಗಿರುತ್ತದೆ. ನಾಲ್ವರಿಗೆ ನಾಲ್ಕು. ಐದನೆಯದು? ಚೀಟಿ ಎತ್ತೋಣ ಅಂತ ಇಂಜಿನಿಯರಿಂಗ್ ಹುಡುಗ ಅಂದ. ಮಾಸ್ಟ್ರು ಬೇಡ ಅಂದರು. "ಐದನೆಯದು ಈಗ ಯಾರದ್ದೂ ಅಲ್ಲ. ಯಾರ ಮರ ಹಾಳಾಗ್ತದೋ, ಅದು ಅವರದ್ದು."

ಹಾಳಾದದ್ದು ನನ್ನದು. ಅದನ್ನು ಹೇಳುವ ಮೊದಲು ಕದ್ರಿಯ ಫೋಟೊ ಸ್ಟುಡಿಯೊದ ಅಕ್ಕನಿಗೆ ಒಂದು ಮಾತು. ಮಳೆಗಾಲದಲ್ಲಿ ಮಂಗಳೂರಿನ ಗಾಳಿಯ ತೇವ ಶೇ. 90 ಮುಟ್ಟುವುದೂ ಉಂಟು. ಗಿಟಾರು ಅಂಟಿಸುವಾಗ ಶೇ. 45ರಿಂದ 50ರ ಒಳಗೆ ಇದ್ದರೆ ಒಳ್ಳೆಯದು. ಉಬ್ಬಿದ ಮರವನ್ನು ಹಾಗೇ ಅಂಟಿಸಿದರೆ ಮುಂದೆ ಒಣಗಿದಾಗ ಕುಗ್ಗಿ ಸೀಳುತ್ತದೆ. ಲೆನ್ಸಿಗೆ ಫಂಗಸ್ ಹಿಡಿಯದ ಹಾಗೆ ಅಕ್ಕ ಒಂದು ಕೋಣೆಯಲ್ಲಿ ತೇವ ಹೀರುವ ಮಿಷಿನ್ ಇಟ್ಟಿದ್ದಾರೆ. ಆ ಕೋಣೆಯ ಒಂದು ಗೋಡೆಯನ್ನೇ ನಮಗೆ ಬಿಟ್ಟುಕೊಟ್ಟರು. ಎಡೆ ಎಡೆಗೆ ರೀಪು ಇಟ್ಟು ಐದೂ ಸೆಟ್ ಅಲ್ಲಿ ಪೇರಿಸಿದೆವು. ಮೂರು ಮಳೆಗಾಲ ನಮ್ಮ ಮರ ಅವರ ಕ್ಯಾಮೆರಾಗಳ ಪಕ್ಕದಲ್ಲಿ ಬೆಚ್ಚಗೆ ಇತ್ತು. ಕರೆಂಟ್ ಬಿಲ್ ಕೇಳಿದರೆ ಬೈಯುತ್ತಿದ್ದರು.

ಈಗ ನನ್ನ ಮರದ ವಿಷಯ. ಗಿಟಾರಿನ ಪಕ್ಕವನ್ನು 2 ಮಿಲಿಮೀಟರ್‌ಗೆ ತೆಳ್ಳಗೆ ಮಾಡಿ, ಬಿಸಿ ಕಬ್ಬಿಣದ ಪೈಪಿನ ಮೇಲೆ ಬಗ್ಗಿಸುತ್ತಾರೆ. ಪೈಪಿಗೆ ನೀರು ಚಿಮುಕಿಸಿದರೆ ದೋಸೆ ಕಾವಲಿಯ ಹಾಗೆ ಚುಂಯ್ ಅನ್ನಬೇಕು. ಒದ್ದೆ ಪಟ್ಟಿಯನ್ನು ಅದರ ಮೇಲಿಟ್ಟು ಮೆಲ್ಲಗೆ ಒತ್ತುತ್ತಾ ಕಾಯಬೇಕು. ಒಂದು ಗಳಿಗೆಯಲ್ಲಿ ಮರ ತಾನಾಗಿ ಸಡಿಲ ಬಿಡುತ್ತದೆ, ಕೈಗೆ ಗೊತ್ತಾಗುತ್ತದೆ. ಆಗ ಬಗ್ಗಿಸಬೇಕು. ಮೊದಲ ಪಟ್ಟಿ ಚೆನ್ನಾಗಿ ಬಂತು. ಎರಡನೆಯದಕ್ಕೆ ನನಗೆ ತಾಳ್ಮೆ ಸಾಲಲಿಲ್ಲ. ಮರುದಿನ ಶಾಲೆಯಲ್ಲಿ ಪರೀಕ್ಷೆ, ರಾತ್ರಿ ಹತ್ತು ದಾಟಿತ್ತು. ಸೊಂಟದ ಬಳುಕಿಗೆ ಬಂದಾಗ ಮರ ಬಿಡುವ ಮೊದಲೇ ಒತ್ತಿದೆ. ಚಟ್ ಅಂತ ಒಂದೇ ಸದ್ದು. ಅಡ್ಡಕ್ಕೆ ಮುರಿದಿತ್ತು. ಅಜ್ಜಿ, ಅಮ್ಮ, ಮಾವ ಎಲ್ಲ ತೂಗಿದ ಉಯ್ಯಾಲೆಯ ಮರ. ಬಾಲ್ಕನಿಯಲ್ಲಿ ಕೂತು ಅತ್ತುಬಿಟ್ಟೆ. ಎರಡು ದಿನ ಯಾರಿಗೂ ಹೇಳಲಿಲ್ಲ.

ಮೂರನೆಯ ದಿನ ಆಚಾರ್ರಿಗೆ ಫೋನ್ ಮಾಡಿದೆ. ಅವರು ಏನೂ ಕೇಳಲಿಲ್ಲ. ಸಂಜೆ ಕಟಪಾಡಿಯಿಂದ ಬಸ್ಸು ಹತ್ತಿ ಬಂದು, ಕದ್ರಿಯಲ್ಲಿ ಇಳಿದು, ಐದನೆಯ ಸೆಟ್ಟಿನ ಒಂದು ಪಟ್ಟಿಯನ್ನು ಹಳೆ ಪಂಚೆಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಿಜೈಯ ನಮ್ಮ ಮನೆ ಬಾಗಿಲಿಗೆ ಬಂದರು. "ಮರ ಅಲ್ವಾ ಟೀಚರೇ, ಒಡೀತದೆ. ನಾನು ಒಡೆದದ್ದು ಲೆಕ್ಕ ಉಂಟಾ?" ಅಂದರು. ಪೈಪು ಕಾಯಿಸಿದರು. ಬಗ್ಗಿಸುವುದು ಮಾತ್ರ ನಾನೇ ಮಾಡಬೇಕು ಅಂತ ಹಟ ಹಿಡಿದರು. ಹಿಂದೆ ನಿಂತು "ಈಗ ಬೇಡ... ಈಗ ಬೇಡ..." ಅನ್ನುತ್ತಾ ಇದ್ದವರು, ಒಮ್ಮೆ "ಹಾಂ" ಅಂದರು. ಆ ಹಾಂ ಅನ್ನುವ ಹೊತ್ತಿಗೆ ಮರ ನನ್ನ ಕೈಯಲ್ಲಿ ಬೆಣ್ಣೆಯ ಹಾಗೆ ಬಳುಕಿತ್ತು. ಒಂದೇ ತೊಲೆಯದ್ದಲ್ವಾ, ಗೆರೆ, ಬಣ್ಣ ಎರಡೂ ಮೊದಲಿನ ಪಟ್ಟಿಗೆ ಕೂಡಿಕೊಂಡವು. ಆಚಾರ್ರೇ, ನೀವು ಅವತ್ತು ಬೇರೆ ಏನಾದರೂ ಅಂದಿದ್ದರೆ ನಾನು ಈ ಕೆಲಸ ಅಲ್ಲಿಗೇ ಬಿಡುತ್ತಿದ್ದೆ.

ನಮ್ಮ ಫ್ಲ್ಯಾಟಿನ ಅಕ್ಕಂದಿರಿಗೂ ಹೇಳಲೇಬೇಕು. ಗಿಟಾರಿನ ಪಕ್ಕದ ಒಳಮೈಗೆ ಸುತ್ತಲೂ ಒಂದು ಸಣ್ಣ ಪಟ್ಟಿ ಅಂಟಿಸಲು ಇರುತ್ತದೆ, ಅದನ್ನು ಒಣಗುವ ತನಕ ಹಿಡಿದಿಡಲು ಬಟ್ಟೆ ಕ್ಲಿಪ್ಪಿನಷ್ಟು ಒಳ್ಳೆಯದು ಬೇರೆ ಇಲ್ಲ. ಒಂದು ಗಿಟಾರಿಗೆ ಅರುವತ್ತಕ್ಕೂ ಜಾಸ್ತಿ ಬೇಕಾಯಿತು. ಮೂರು ಮಹಡಿಯ ಮನೆಗಳಿಂದ ಬಕೆಟಿನಲ್ಲಿ ಕ್ಲಿಪ್ ಬಂದವು.

ಹುಡುಗ ಫ್ರೆಟ್ಟಿನ, ಅಂದರೆ ಗಿಟಾರಿನ ಕತ್ತಿನ ಮೇಲೆ ಅಡ್ಡಕ್ಕೆ ಕೂರುವ ಲೋಹದ ಗೀಟುಗಳ, ಲೆಕ್ಕ ಹಾಕಿದ. ತಂತಿಯ ಉದ್ದ 645 ಮಿಲಿಮೀಟರ್, ಅದನ್ನು ಈ ಲೆಕ್ಕಕ್ಕೆಂದೇ ಇರುವ 17.817 ಅನ್ನುವ ಸಂಖ್ಯೆಯಿಂದ ಭಾಗಿಸಿದರೆ ಮೊದಲ ಫ್ರೆಟ್ 36.2ಕ್ಕೆ. ಉಳಿದ ಉದ್ದವನ್ನು ಮತ್ತೆ ಭಾಗಿಸಿದರೆ ಎರಡನೆಯದು. ಹೀಗೇ ಹೋಗಿ ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ ಬರುತ್ತದೆ. ನಾಲ್ಕೂ ಗಿಟಾರಿನ ಗೀಟು ಅವನೇ ಹಾಕಿದ. ಒಂದು ಕೂದಲಿನಷ್ಟೂ ತಪ್ಪಿಲ್ಲ. ಮಗೂ, ಏಳನೇ ಕ್ಲಾಸಿನಲ್ಲಿ ನಿನಗೆ ಭಾಗಾಕಾರ ಕಲಿಸಿದ್ದು ನಾನು. ಅದು ನನ್ನ ಗಿಟಾರಿಗೇ ಬಂದು ಸೇರಿತು.

ಕಳೆದ ವರ್ಷ ಜೂನ್‌ನಲ್ಲಿ ಅಪ್ಪನಿಗೆ ಸ್ಟ್ರೋಕ್ ಆಯಿತು. ಬಲಗೈ, ಮಾತು ಎರಡೂ ಹೋದವು. ಐದು ತಿಂಗಳು ಆಸ್ಪತ್ರೆ, ಮನೆ, ಫಿಸಿಯೋಥೆರಪಿ. ಆ ದಿನಗಳ ಬಗ್ಗೆ ಜಾಸ್ತಿ ಬರೆಯಲು ನನಗೆ ಇನ್ನೂ ಆಗುವುದಿಲ್ಲ. ನನ್ನ ಕ್ಲಾಸ್ ತೆಗೆದುಕೊಂಡ ಸಹೋದ್ಯೋಗಿಗಳಿಗೆ, ಗಂಜಿ ಉಪ್ಪಿನಕಾಯಿ ಕಟ್ಟಿ ಕಳಿಸಿದ ಆಚಾರ್ರ ಹೆಂಡತಿಗೆ, ಎರಡು ರಾತ್ರಿ ಅಪ್ಪನ ಮಂಚದ ಕೆಳಗೆ ಚಾಪೆ ಹಾಸಿ ಮಲಗಿದ ಹುಡುಗನಿಗೆ ನಾನು ಜೀವಮಾನವಿಡೀ ಋಣಿ.

ಈ ಜನವರಿಗೆ ಉಳಿದ ಮೂವರ ಗಿಟಾರು ಮುಗಿದಿತ್ತು. ಪಾಲಿಶ್ ಆಗಿತ್ತು, ತಂತಿ ಸಿಕ್ಕಿಸುವ ಬ್ರಿಜ್ ಕೂತಿತ್ತು, ತಂತಿ ತಂದಿಟ್ಟಿದ್ದರು. ನನ್ನದು ಇನ್ನೂ ನೆಕ್ (ಕತ್ತು) ಇಲ್ಲದ ಪೆಟ್ಟಿಗೆ. ನೀವು ಕಟ್ಟಿ, ನನಗೋಸ್ಕರ ಕಾಯಬೇಡಿ ಅಂತ ಎಷ್ಟು ಹೇಳಿದರೂ ಮಾಸ್ಟ್ರು ಒಪ್ಪಲಿಲ್ಲ. "ಒಂದೇ ತೊಲೆಯದ್ದು, ಒಟ್ಟಿಗೇ ಮಾತಾಡ್ಲಿ" ಅಂದರು. ಅವರಿಗೆ ಈಗ ಅರುವತ್ತೆಂಟು. ಮಾಡಿ ಮುಗಿಸಿದ ಗಿಟಾರನ್ನು ನುಡಿಸದೆ ಹನ್ನೊಂದು ತಿಂಗಳು ಗೋಡೆಗೆ ನೇತು ಹಾಕಿ ಕೂತರು. ಗಿಟಾರು ನುಡಿಸುವವರಿಗೆ ಅದು ಎಷ್ಟು ಕಷ್ಟ ಅಂತ ಗೊತ್ತಿರುತ್ತದೆ. ಮಾಸ್ಟ್ರೇ, ಇದಕ್ಕೆ ನಾನು ಏನು ಹೇಳಲಿ.

ತಂತಿ ಕಟ್ಟುವ ದಿನ ಮಾವ ಕಾರ್ಕಳದಿಂದ ಬಂದಿದ್ದರು. ಅಪ್ಪನನ್ನೂ ಕುರ್ಚಿಯಲ್ಲಿ ಕೂರಿಸಿಕೊಂಡು ಹೋಗಿದ್ದೆವು. ಆರು ತಂತಿ ಬಿಗಿದಾಗ ಒಟ್ಟು ಎಳೆತ 70 ಕಿಲೋಗೂ ಜಾಸ್ತಿ. ಎದೆಯ ಹಲಗೆ ಮೂರು ಮಿಲಿಮೀಟರ್ ಕೂಡ ಇಲ್ಲ. ಒಂದೊಂದು ಬಿರಡೆ ತಿರುಗಿಸುವಾಗಲೂ ಉಸಿರು ಹಿಡಿದುಕೊಂಡಿದ್ದೆ. ನಾಲ್ಕೂ ಶ್ರುತಿಗೆ ಬಂದ ಮೇಲೆ ಮಾಸ್ಟ್ರು ಬೆರಳೆತ್ತಿ ಸನ್ನೆ ಮಾಡಿದರು. ನಾಲ್ವರೂ ಒಟ್ಟಿಗೆ ಜಿ ಕಾರ್ಡ್ ಅನ್ನುವ ಸ್ವರಗುಚ್ಛ ಎಳೆದೆವು. ಅಷ್ಟೇ. ಮಿಲ್ಲಿನಲ್ಲಿ ಕಾಕ ತಟ್ಟಿದಾಗ ಕೇಳಿದ ಅದೇ ಸದ್ದು, ಈಗ ಜಗಲಿ ತುಂಬ ಇತ್ತು.

ಅಮ್ಮ ನನ್ನ ಗಿಟಾರು ಮಡಿಲಲ್ಲಿಟ್ಟುಕೊಂಡು ಬೆನ್ನು ಸವರಿದರು. "ಕೊಂಡಿಯ ತೂತು ಎಲ್ಲಿ ಹೋಯ್ತು?" ಅಂತ ಕೇಳಿದರು. ಉಯ್ಯಾಲೆಯ ಕೊಂಡಿ ತಿರುಗಿ ತಿರುಗಿ ಆ ತೂತಿನ ಬಾಯಿ ಗಾಜಿನ ಹಾಗೆ ನುಣುಪಾಗಿತ್ತು. ಆ ತುಂಡು ಸೆಟ್ಟಿಗೆ ಆಗುವಂಥದ್ದಲ್ಲ. ಆಚಾರ್ರು ಅದನ್ನು ಎಸೆದಿರಲಿಲ್ಲ. ಅದರಿಂದ ಎಳೆಯಂಥ ಪಟ್ಟಿ ಸೀಳಿ, ನಾಲ್ಕೂ ಗಿಟಾರಿನ ಸದ್ದಿನ ತೂತಿನ ಸುತ್ತ ಬಳೆಯ ಹಾಗೆ ಕೂರಿಸಿದ್ದರು. ತೋರಿಸಿದೆ. ಅಮ್ಮ ಅದರ ಮೇಲೆ ಬೆರಳಿಟ್ಟು ಒಂದು ಸುತ್ತು ತಂದರು. ಅಪ್ಪ ಎಡಗೈ ಚಾಚಿದರು. ಹೆಬ್ಬೆರಳಿನಿಂದ ಆರೂ ತಂತಿ ಮೀಟಿ, ನನ್ನ ಮುಖ ನೋಡಿದರು.

ಐದನೆಯ ಸೆಟ್ಟಿನಲ್ಲಿ ಬೆನ್ನಿನ ಎರಡು ಹಲಗೆ, ಪಕ್ಕದ ಒಂದು ಪಟ್ಟಿ ಈಗಲೂ ಸ್ಟುಡಿಯೊದಲ್ಲಿ ಉಂಟು. ಒಂಟಿ ಪಟ್ಟಿಯಲ್ಲಿ ಗಿಟಾರು ಆಗುವುದಿಲ್ಲ. ಆದರೆ ಅದನ್ನು ನಡುವೆ ಕತ್ತರಿಸಿದರೆ ಪುಟ್ಟ ಗಿಟಾರಿನಂಥ ಯುಕುಲೇಲೆಯ ಎರಡೂ ಪಕ್ಕಕ್ಕೆ ಸಾಕಾಗುತ್ತದೆ, ಹುಡುಗ ಅಳೆದು ನೋಡಿದ್ದಾನೆ. ಮಾವನ ಮೊಮ್ಮಗಳಿಗೆ ಏಳು ವರ್ಷ. ಮನೆ ಕಳಚುವ ಹಿಂದಿನ ದಿನ ಆ ಉಯ್ಯಾಲೆಯಲ್ಲಿ ಕೊನೆಗೆ ಕೂತವಳು ಅವಳೇ. ಮಾವಾ, ಅವಳ ಕೈಯ ಅಳತೆ ಬೇಕು. ಮುಂದಿನ ಸಲ ಬರುವಾಗ ಕರೆದುಕೊಂಡು ಬನ್ನಿ.