ಏಣಿಯಿಂದ ಬಿದ್ದವರಿಗೆ ಒಂದೇ ಎಕ್ಸ್‌ರೇ ಸಾಕೇ?

ಮಾನ್ಯರೇ,

ಕೊಡಗಿನಲ್ಲಿ ಕಾಫಿ ಕೊಯ್ಲು ಮುಗಿಯುತ್ತಾ ಬಂತು, ಇನ್ನು ಕಾಳುಮೆಣಸಿನ ಸರದಿ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸಿ ಹತ್ತುವ ಕಾಲ. ಹಾಗೆ ಹತ್ತಿ ಬಿದ್ದವರ ಎಕ್ಸ್‌ರೇ ತೆಗೆಯುತ್ತಲೇ ನನ್ನ ನೌಕರಿ ಕಳೆಯಿತು. ಈಗ ನಿವೃತ್ತ. ಆದರೂ ಅಕ್ಕಪಕ್ಕದ ತೋಟದವರು ಎಕ್ಸ್‌ರೇ ಫೋಟೊ ಮೊಬೈಲಿಗೆ ಕಳಿಸಿ, 'ಸ್ವಲ್ಪ ನೋಡಿ ಹೇಳಿ' ಅನ್ನುತ್ತಾರೆ. ನಾನು ಡಾಕ್ಟರಲ್ಲ ಅಂದರೆ ಯಾರು ಕೇಳುತ್ತಾರೆ?

ಕಳೆದ ವರ್ಷ ಪಕ್ಕದ ತೋಟದ ಕೆಲಸದವನೊಬ್ಬ ಏಣಿ ಜಾರಿ, ಹಿಮ್ಮಡಿ ಊರಿ ಬಿದ್ದ. ಆಸ್ಪತ್ರೆಯೊಂದರಲ್ಲಿ ಹಿಮ್ಮಡಿಯ ಚಿತ್ರ ಮಾತ್ರ ತೆಗೆದು, ಪಟ್ಟಿ ಹಾಕಿ ಕಳಿಸಿದ್ದರು. ತೋಟದ ಕೆಲಸದವರ ಲೈನ್ ಮನೆಗೆ ನೋಡಲು ಹೋದರೆ ಮಗ್ಗುಲು ಬದಲಿಸಲೂ ಆಗದೆ ಮಲಗಿದ್ದ. "ಕಾಲಿಗಿಂತ ಸೊಂಟದ ಹಿಂದೆಯೇ ಜಾಸ್ತಿ ನೋವು ಸಾರ್" ಅಂದ. ಮೈಸೂರಿನಲ್ಲಿ ಸಿಟಿ ಸ್ಕ್ಯಾನ್ ಮಾಡಿಸಿದಾಗ ಸೇಕ್ರಮ್, ಅಂದರೆ ಬೆನ್ನುಮೂಳೆಯ ಬುಡದ ತ್ರಿಕೋನದ ಮೂಳೆ, ಸೀಳಿರುವುದು ಕಂಡಿತು.

ಎತ್ತರದಿಂದ ಹಿಮ್ಮಡಿ ಮೇಲೆ ಬಿದ್ದರೆ ಪೆಟ್ಟು ಅಲ್ಲೇ ನಿಲ್ಲುವುದಿಲ್ಲ. ಮೊಣಕಾಲು, ಸೊಂಟ, ಬೆನ್ನುಮೂಳೆವರೆಗೂ ಏರುತ್ತದೆ. ಇನ್ನೊಂದು ಹಿಮ್ಮಡಿಯೂ ಒಡೆದಿರಬಹುದು. ಇನ್ನು ಸೊಂಟದ ಮೂಳೆಗಳು ಸೇರಿ ಒಂದು ಉಂಗುರ. ಗಾಜಿನ ಬಳೆ ಒಂದೇ ಕಡೆ ಒಡೆಯುವುದು ಅಪರೂಪ, ಅಲ್ವಾ? ಇದೂ ಹಾಗೆಯೇ. ಮುಂದೆ ಒಂದು ಬಿರುಕು ಕಂಡರೆ ಹಿಂದೆ ಇನ್ನೊಂದನ್ನು ಹುಡುಕಬೇಕು. ಆದರೆ ಎದುರಿನಿಂದ ತೆಗೆದ ಎಕ್ಸ್‌ರೇಯಲ್ಲಿ ಕರುಳಿನ ಗ್ಯಾಸ್ ಅಡ್ಡ ಬಂದು ಹಿಂದಿನ ಮೂಳೆ ಸರಿಯಾಗಿ ಕಾಣುವುದಿಲ್ಲ. ಎಕ್ಸ್‌ರೇ ಯಂತ್ರದ ಟ್ಯೂಬನ್ನು ಒಮ್ಮೆ ತಲೆ ಕಡೆಗೆ, ಒಮ್ಮೆ ಕಾಲಿನ ಕಡೆಗೆ ಓರೆ ಮಾಡಿ ಇನ್ನೆರಡು ಚಿತ್ರ ತೆಗೆಯಬಹುದು. ಅದಕ್ಕೆ ಹೊಸ ಯಂತ್ರ ಬೇಡ, ಇರುವ ಯಂತ್ರವೇ ಸಾಕು. ಅನುಮಾನ ಉಳಿದರೆ ಸಿಟಿ. ವಯಸ್ಸಾದವರು ಅಂಗಳದಲ್ಲಿ ಸುಮ್ನೆ ಜಾರಿ ಬಿದ್ದು ನಿಲ್ಲಲಾಗದಿದ್ದರೆ, ಎಕ್ಸ್‌ರೇ ಸರಿ ಇದ್ದರೂ ತೊಡೆ ಮೂಳೆಯ ಕುತ್ತಿಗೆಯಲ್ಲಿ, ಅಂದರೆ ಸೊಂಟದ ಕೀಲಿನ ಹತ್ತಿರದ ಕಿರಿದಾದ ಭಾಗದಲ್ಲಿ, ಬಿರುಕಿರಬಹುದು. ಎಂಆರ್‌ಐ ಅದನ್ನು ಹಿಡಿಯುತ್ತದೆ. ತೊಡೆ ಮುರಿದವರಿಗೂ ಮುರಿದ ಜಾಗ ಮಾತ್ರ ತೆಗೆದರೆ ಸಾಲದು, ಮೇಲಿನ ಕೀಲು, ಕೆಳಗಿನ ಕೀಲು ಎರಡೂ ಚಿತ್ರದಲ್ಲಿ ಬರಬೇಕು.

ತೋಟದ ಮಾಲೀಕರಿಗೂ, ಕೆಲಸ ನೋಡಿಕೊಳ್ಳುವ ರೈಟರುಗಳಿಗೂ ಒಂದು ಮಾತು. ಬಿದ್ದವನನ್ನು ಎಬ್ಬಿಸಿ ಜೀಪಿನಲ್ಲಿ ಕೂರಿಸಬೇಡಿ. 108ಕ್ಕೆ ಫೋನ್ ಮಾಡಿ. ಸೊಂಟದ ಮೂಳೆ ಮುರಿದರೆ ಹೊರಗೆ ಒಂದು ಹನಿ ಕಾಣದಿದ್ದರೂ ಒಳಗೆ ಲೀಟರುಗಟ್ಟಲೆ ರಕ್ತ ಹೋಗಬಹುದು. ಗೋಣಿಕೊಪ್ಪಲಿನಿಂದ ಮೈಸೂರು ಸುಮಾರು 90 ಕಿ.ಮೀ. ಮಡಚಿದ ಬೆಡ್‌ಶೀಟನ್ನು ಬಿಗಿಯಾಗಿ ಸುತ್ತಿ ಕಟ್ಟಿದರೆ ದಾರಿಯಲ್ಲಿ ರಕ್ತಸ್ರಾವ ತಡೆಯಲು ನೆರವಾಗುತ್ತದೆ. ಕಟ್ಟಬೇಕಾದ್ದು ಹೊಟ್ಟೆಯ ಮೇಲಲ್ಲ. ತೊಡೆಯ ಮೇಲ್ತುದಿಯಲ್ಲಿ ಎರಡೂ ಪಕ್ಕ ಕೈಗೆ ಗಟ್ಟಿಯಾಗಿ ಸಿಗುವ ಮೂಳೆ ಇದೆಯಲ್ಲ, ಅದರ ಮಟ್ಟಕ್ಕೆ.

ಮೆಣಸು ಕೊಯ್ಲು ಮುಗಿಯುವವರೆಗಾದರೂ ಜಿಲ್ಲೆಯ ಎಲ್ಲ ತಾಲ್ಲೂಕು ಆಸ್ಪತ್ರೆಗಳಲ್ಲಿ ರಾತ್ರಿಯೂ ಎಕ್ಸ್‌ರೇ ತೆಗೆಯುವವರು ಇರುವಂತೆ ಆರೋಗ್ಯ ಇಲಾಖೆ ನೋಡಿಕೊಳ್ಳಲಿ. ಎತ್ತರದಿಂದ ಬಿದ್ದು ಬಂದವರಿಗೆ, ಅವರು ಎಲ್ಲೇ ನೋವು ಅಂದರೂ, ಸೊಂಟದ ಒಂದು ಎಕ್ಸ್‌ರೇ ತೆಗೆಯಿರಿ ಎಂದು ಸುತ್ತೋಲೆ ಹೊರಡಿಸಲಿ. ಎದ್ದು ನಿಲ್ಲಲಾಗದವರನ್ನು 'ಏನೂ ಆಗಿಲ್ಲ' ಎಂದು ಮನೆಗೆ ಕಳಿಸುವುದು ನಿಲ್ಲಲಿ.

– ನಿವೃತ್ತ ಎಕ್ಸ್‌ರೇ ಟೆಕ್ನಿಷಿಯನ್, ಪೊನ್ನಂಪೇಟೆ