ಹಿರೋಶಿಮಾದ ಬುತ್ತಿ ಡಬ್ಬಿ

ಮಾನ್ಯ ಸಂಪಾದಕರೇ,

ಜಪಾನಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಹಿರೋಶಿಮಾದ ಶಾಂತಿ ಸ್ಮಾರಕ ಉದ್ಯಾನವನ್ನು ಕಾಣುವ ಅವಕಾಶ ಒದಗಿತು. 1945ರ ಆಗಸ್ಟ್ 6ರ ಬೆಳಿಗ್ಗೆ 8.15ಕ್ಕೆ ಸಿಡಿದ ಒಂದೇ ಬಾಂಬಿನಿಂದ ಆ ವರ್ಷದ ಕೊನೆಯೊಳಗೆ ಸುಮಾರು 1,40,000 ಜನ ಸತ್ತರೆಂದು ಮೂವತ್ತು ವರ್ಷ ತರಗತಿಯಲ್ಲಿ ಪಾಠ ಹೇಳಿದವಳು ನಾನು. ಆದರೆ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಹಿಂದೆ ಇಟ್ಟಿರುವ ಶಾಲಾ ಬಾಲಕನೊಬ್ಬನ ಬುತ್ತಿ ಡಬ್ಬಿಯನ್ನು, ಅದರೊಳಗೆ ಇದ್ದಿಲಾಗಿ ಉಳಿದಿರುವ ಊಟವನ್ನು ಕಂಡಾಗ, ಆ ಅಂಕಿಯನ್ನು ಮಕ್ಕಳಿಂದ ಎಷ್ಟು ಹಗುರವಾಗಿ ಬಾಯಿಪಾಠ ಮಾಡಿಸಿದ್ದೆನೆಂದು ಎದೆ ಭಾರವಾಯಿತು. ಬೆಂಕಿ ಹರಡದಂತೆ ಮನೆಗಳನ್ನು ಕೆಡವಿ ಬಯಲು ಮಾಡುವ ಕೆಲಸಕ್ಕೆ ಅಂದು ಸಾವಿರಾರು ಶಾಲಾ ಮಕ್ಕಳನ್ನು ಹಚ್ಚಲಾಗಿತ್ತು; ಅವನೂ ಅವರಲ್ಲೊಬ್ಬ. ಬುತ್ತಿ ಬಿಚ್ಚುವ ಹೊತ್ತು ಅವನಿಗೆ ಬರಲೇ ಇಲ್ಲ.

ಹೊರಗೆ ಕಮಾನಿನ ಕೆಳಗಿನ ಕಲ್ಲಿನ ಪೆಟ್ಟಿಗೆಯಲ್ಲಿ ಮಡಿದವರ ಹೆಸರುಗಳನ್ನು ದೇಶಭೇದವಿಲ್ಲದೆ ಬರೆದಿಟ್ಟಿದ್ದಾರೆ. ಪ್ರತಿ ಆಗಸ್ಟ್ 6ರಂದು ಅದಕ್ಕೆ ಇಂದಿಗೂ ಹೊಸ ಹೆಸರುಗಳು ಸೇರುತ್ತಲೇ ಇವೆ.

ಬೀದರಿನ ನಮಗೆ ವಾಯುಪಡೆಯ ತರಬೇತಿ ವಿಮಾನಗಳ ಸದ್ದು ದಿನನಿತ್ಯದ್ದು. ಮಕ್ಕಳು ಓಣಿಯಲ್ಲಿ ನಿಂತು, ತಲೆಯೆತ್ತಿ, ಕೈಬೀಸುತ್ತಾರೆ. ಆ ಸಂತೋಷವನ್ನು ಯಾರೂ ಕಸಿಯಬೇಕಾಗಿಲ್ಲ. ಆದರೂ ಆಕಾಶದಿಂದ ಏನು ಬೀಳಬಲ್ಲದು, ಅದು ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದು ಅವರಿಗೆ ತಿಳಿದಿರಬೇಕು. ಆದ್ದರಿಂದ ಬರುವ ಆಗಸ್ಟ್ 6ರಂದು ಜಿಲ್ಲೆಯ ಎಲ್ಲ ಶಾಲೆಗಳಲ್ಲಿ ಪ್ರಾರ್ಥನೆಯ ವೇಳೆ ಹತ್ತು ನಿಮಿಷ ತೆಗೆದಿಟ್ಟು, ಅಂಕಿಸಂಖ್ಯೆಗಳಿಗಿಂತ ಮೊದಲು ಈ ಡಬ್ಬಿಯ ಕಥೆಯನ್ನು ಮಕ್ಕಳಿಗೆ ಹೇಳಲು ವ್ಯವಸ್ಥೆ ಮಾಡಬೇಕೆಂದು ಶಿಕ್ಷಣ ಇಲಾಖೆಯನ್ನು ವಿನಂತಿಸುತ್ತೇನೆ.

– ನಿವೃತ್ತ ಶಿಕ್ಷಕಿ, ಬೀದರ್