ಅಪ್ಪನನ್ನು ಈ ವಾರವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ

ಲಕ್ಸೆಂಬರ್ಗ್,
ಗುರುವಾರ ರಾತ್ರಿ

ಅಮ್ಮನಿಗೆ ಮಗಳ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಅಕ್ಕ, ಭಾವ, ಮಕ್ಕಳಿಗೆ ನನ್ನ ನೆನಪು ತಿಳಿಸು.

ನಿನ್ನ ಪತ್ರ ಬಂತು. ಎಲ್ಲಿ ನನ್ನನ್ನು ಚಂದ್ರನ ಮೇಲೆ ಅಗೆಯಲು ಕಳಿಸಿಬಿಡುತ್ತಾರೋ ಎಂದು ಮೂರು ಪುಟ ಹೆದರಿ ಬರೆದಿದ್ದೀಯೆ. ಕೊನೆಯ ಪುಟದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಅಪ್ಪನ ವಿಷಯ: ಕೆಮ್ಮು ಇನ್ನೂ ನಿಂತಿಲ್ಲ, ಮೆಟ್ಟಿಲ ಮಧ್ಯದಲ್ಲಿ ನಿಂತು ಸುಧಾರಿಸಿಕೊಳ್ಳುತ್ತಾರೆ, ವಯಸ್ಸಾಯಿತಲ್ಲ. ಅಮ್ಮ, ಮೂರು ಪುಟ ಬರೆಯಬೇಕಾಗಿದ್ದದ್ದು ಆ ವಿಷಯವನ್ನು. ಫೋನಿನಲ್ಲಿ ಈ ಮಾತು ಆಡಲು ಆಗುವುದಿಲ್ಲ. ಅಪ್ಪ ಪಕ್ಕದಲ್ಲೇ ಕುಳಿತು, ನಿನ್ನ ಕೈಯಿಂದ ಫೋನ್ ತೆಗೆದುಕೊಂಡು, ಎಲ್ಲ ಚೆನ್ನಾಗಿದೆ ಎಂದುಬಿಡುತ್ತಾರೆ. ಅದಕ್ಕೇ ಇದನ್ನು ತಮ್ಮನ ಮೊಬೈಲ್‌ಗೆ ಕಳಿಸುತ್ತಿದ್ದೇನೆ. ಅವನು ಮುದ್ರಿಸಿ ನಿನ್ನ ಕೈಗೆ ಕೊಡಲಿ.

ಮೊದಲು ನಿನ್ನ ಭಯ ಮುಗಿಸೋಣ. ನನ್ನನ್ನು ಚಂದ್ರನಿಗೆ ಕಳಿಸುವುದಿಲ್ಲ. ಯಾರೂ ಕೇಳಿಲ್ಲ, ಕೇಳುವುದೂ ಇಲ್ಲ. ಇಡೀ ಮನುಷ್ಯಕುಲದಲ್ಲಿ ಚಂದ್ರನ ಮೇಲೆ ನಡೆದವರು 12 ಜನ ಮಾತ್ರ, ಕೊನೆಯವರು ಹಿಂತಿರುಗಿದ್ದು 1972ರ ಡಿಸೆಂಬರ್‌ನಲ್ಲಿ. ಅದಾದ ಮೇಲೆ ಆಕಾಶಕಾಯಗಳಿಂದ ಅಗೆದು ತರುವ ಕೆಲಸವನ್ನು ಯಂತ್ರಗಳೇ ಮಾಡಿವೆ. ಅವು ತಂದದ್ದು ಎಷ್ಟು ಎಂದರೆ ಅಪ್ಪ ನಂಬಲಾರರು. ಬೆನ್ನು ಎಂಬ ಕ್ಷುದ್ರಗ್ರಹಕ್ಕೆ 2016ರಲ್ಲಿ ಹೊರಟ ಒಸಿರಿಸ್-ರೆಕ್ಸ್ ನೌಕೆ 2023ರಲ್ಲಿ ಭೂಮಿಗೆ ಇಳಿಸಿದ ಕಲ್ಲುಮಣ್ಣು 121.6 ಗ್ರಾಂ. ಜಪಾನಿನವರು ರ್ಯುಗು ಎಂಬ ಇನ್ನೊಂದು ಕ್ಷುದ್ರಗ್ರಹದಿಂದ 2020ರಲ್ಲಿ ತಂದದ್ದು 5.4 ಗ್ರಾಂ. ನಾನು ಮಾಡುವುದು ನೆಲದ ಮೇಲೆ, ನಾಲ್ಕು ಗೋಡೆಯ ಒಳಗೆ, ಚಂದ್ರನ ಮಣ್ಣಿನಂತೆ ತಯಾರಿಸಿದ ಪುಡಿಯ ಜೊತೆ. ಅದು ಗಗನಯಾತ್ರಿಗಳ ಉಡುಪಿನ ಕೀಲುಗಳಲ್ಲಿ, ಗಾಳಿ ಸೋಸುವ ಜಾಲರಿಯಲ್ಲಿ ಹೇಗೆ ಸೇರಿಕೊಳ್ಳುತ್ತದೆ ಎಂದು ನೋಡುವುದು ನನ್ನ ಕೆಲಸ. ಗಾಜಿನ ಪೆಟ್ಟಿಗೆಯೊಳಗೆ ಕೈಗವಸು ತೂರಿಸಿ ಮುಟ್ಟುತ್ತೇನೆ. ಮುಖವಾಡವಿದೆ, ಗಾಳಿ ಹೀರುವ ಕೊಳವೆಯಿದೆ, ನಿಯಮಿತವಾಗಿ ಶ್ವಾಸಕೋಶದ ಪರೀಕ್ಷೆಯಿದೆ. ನನಗೆ ಏನೂ ಆಗಿಲ್ಲ, ಏನೂ ಆಗುವುದಿಲ್ಲ.

ಹಾಸಿಗೆಯ ಮೇಲೆ ಮಲಗಿಸಿ ದುಡ್ಡು ಕೊಡುತ್ತಾರಂತೆ, ನೀನು ಒಪ್ಪಿಕೊಂಡುಬಿಟ್ಟೀಯೆ ಎಂದು ಬರೆದಿದ್ದೀಯೆ. ಆ ಸುದ್ದಿ ನಿಜ. 2019ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ಅಂಥ ಅಧ್ಯಯನ ನಡೆಯಿತು. ತೂಕವಿಲ್ಲದ ಸ್ಥಿತಿಯಲ್ಲಿ ದೇಹಕ್ಕೆ ಏನಾಗುತ್ತದೆ ಎಂದು ತಿಳಿಯಲು, ತಲೆಯ ಕಡೆ 6 ಡಿಗ್ರಿ ತಗ್ಗಿರುವ ಮಂಚದ ಮೇಲೆ 60 ದಿನ ಮಲಗಿರಬೇಕು. ಊಟ, ಸ್ನಾನ, ಶೌಚ ಎಲ್ಲವೂ ಮಲಗಿಕೊಂಡೇ, ಒಂದು ಭುಜವಾದರೂ ಸದಾ ಹಾಸಿಗೆಗೆ ತಾಗಿರಬೇಕು. 16,500 ಯೂರೊ ಕೊಡುತ್ತೇವೆ ಎಂದು ಪ್ರಕಟಿಸಿದ್ದರು. ಆ ಜನ ಸುಮ್ಮನೆ ಮಲಗಿ ದುಡ್ಡು ಎಣಿಸಿದರು ಎಂದು ಯಾರಾದರೂ ನಕ್ಕರೆ ನನಗೆ ಸಿಟ್ಟು ಬರುತ್ತದೆ. ಬಾಹ್ಯಾಕಾಶದಲ್ಲಿ ಇರುವವರ ಮೂಳೆ ಸೊಂಟದ ಭಾಗದಲ್ಲಿ ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಸವೆಯುತ್ತದೆ. ಅದನ್ನು ತಡೆಯುವ ದಾರಿ ಹುಡುಕಲು ಇವರು ತಮ್ಮ ಸ್ನಾಯುಗಳನ್ನು ಕರಗಿಸಿಕೊಂಡರು. ನಾನು ಸೇರಿಲ್ಲ, ಸೇರುವುದಿಲ್ಲ, ನಿನ್ನ ಮೇಲಾಣೆ.

ನಿಮಗೆ ಈ ಊರಿನ ವಿಷಯ ಬರೆದೇ ಇಲ್ಲ. ನಮ್ಮ ಎಷ್ಟೋ ಜಿಲ್ಲೆಗಳಿಗಿಂತ ಚಿಕ್ಕ ದೇಶ. 2020ರಿಂದ ಇಲ್ಲಿ ಬಸ್ಸು, ಟ್ರಾಮು, ರೈಲು ಎಲ್ಲದರಲ್ಲೂ ಟಿಕೆಟ್ ಇಲ್ಲ. ಮೊದಲ ದರ್ಜೆಗೆ ಮಾತ್ರ ದುಡ್ಡು. ಟಿಕೆಟ್ ಕೊಳ್ಳದೆ ಹತ್ತಿದಾಗಲೆಲ್ಲ ನನಗೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಜನರಲ್ಲಿ ಸುಮಾರು ಅರ್ಧದಷ್ಟು ಹೊರದೇಶದವರೇ, ಹೀಗಾಗಿ ನಾನು ಇಲ್ಲಿ ಪರಕೀಯಳಲ್ಲ. ಇಷ್ಟು ಸಣ್ಣ ದೇಶ 2017ರಲ್ಲಿ ಒಂದು ಕಾನೂನು ಮಾಡಿತು. ಆಕಾಶಕಾಯಗಳಿಂದ ಅಗೆದು ತೆಗೆದದ್ದನ್ನು ತೆಗೆದವರು ತಮ್ಮದಾಗಿಸಿಕೊಳ್ಳಬಹುದು ಎಂದು. ಅಮೆರಿಕ 2015ರಲ್ಲಿ ಮಾಡಿತ್ತು, ಯುರೋಪಿನಲ್ಲಿ ಇವರೇ ಮೊದಲು. ಆ ಧೈರ್ಯ ನನಗೆ ಮೆಚ್ಚುಗೆಯೇ. ಆದರೆ ಆ ಕಾನೂನಿನ ಮೊದಲ ವಿಧಿಯೇ ಒಡೆತನದ್ದು. ಅಗೆಯುವವರ ಉಸಿರಿನ ಮಾತು ಮೊದಲು ಬರಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಇದನ್ನು ಕಚೇರಿಯಲ್ಲಿ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ.

ಏಕೆಂದರೆ ಈ ದೇಶಕ್ಕೆ ಗಣಿ ಹೊಸದಲ್ಲ. ದಕ್ಷಿಣದ ಊರುಗಳೆಲ್ಲ ಕಬ್ಬಿಣದ ಅದಿರಿನ ಮೇಲೆ ಎದ್ದವು. ಇಟಲಿಯಿಂದ ಬಡ ಜನ ಬಂದು ಅಗೆದರು. ಕೊನೆಯ ಗಣಿ 1981ರಲ್ಲಿ ಮುಚ್ಚಿತು. ಕೈಲ್ ಎಂಬ ಊರಿನಲ್ಲಿ ಗಣಿಯಲ್ಲಿ ಸತ್ತವರ ಸ್ಮಾರಕವಿದೆ. ನನ್ನ ಜೊತೆ ಕೆಲಸ ಮಾಡುವವಳ ಅಜ್ಜ ಅದೇ ಗಣಿಗಳಲ್ಲಿ ದುಡಿದವರು, ಅವಳೇ ನನ್ನನ್ನು ಕರೆದುಕೊಂಡು ಹೋದಳು. ಅವಳ ಅಜ್ಜ ಗಣಿ ಕುಸಿದು ಸಾಯಲಿಲ್ಲ, ಮನೆಯಲ್ಲಿ ವರ್ಷಗಟ್ಟಲೆ ಕೆಮ್ಮಿ ಹೋದರು. ಬಂಡೆ ಬಿದ್ದು ಸತ್ತವರ ಲೆಕ್ಕ ಎಲ್ಲಾದರೂ ಸಿಗುತ್ತದೆ ಅಮ್ಮ. ಸಂಬಳ ಎಣಿಸಿಕೊಂಡು ಮನೆಗೆ ಬಂದು, ಹತ್ತಾರು ವರ್ಷದ ಮೇಲೆ ಉಸಿರು ಸಾಲದೆ ಹೋದವರ ಲೆಕ್ಕವನ್ನು ಸರಿಯಾಗಿ ಇಟ್ಟವರು ಕಡಿಮೆ. ಅವಳು ಅಜ್ಜನ ಕೆಮ್ಮಿನ ಸದ್ದನ್ನು ವಿವರಿಸುತ್ತಿದ್ದಾಗ ನನಗೆ ಕೇಳಿಸಿದ್ದು ನಮ್ಮ ಅಪ್ಪನ ಕೆಮ್ಮು.

ಅಪ್ಪ ಎಷ್ಟು ವರ್ಷ ಕಲ್ಲು ಕೊರೆದರು ನೆನಪಿದೆಯಲ್ಲ? ಒಣ ಬಂಡೆಗೆ ಒಣ ಯಂತ್ರ, ಬಾಯಿಗೆ ಒಂದು ಟವೆಲ್. ಮನೆಗೆ ಬಂದಾಗ ಹುಬ್ಬಿನವರೆಗೂ ಬೆಳ್ಳಗಿರುತ್ತಿದ್ದರು. ನಾನು ಆ ಅಂಗಿಯನ್ನು ಕಲ್ಲಿಗೆ ಒಗೆಯುತ್ತಿದ್ದೆ. ಕಲ್ಲು ಬಿಟ್ಟು ಕಾಲವಾಯಿತು, ಈಗೇನು ಆಗುತ್ತದೆ ಎಂದು ನೀನು ಕೇಳಬಹುದು. ಆ ರೋಗದ ಕ್ರೌರ್ಯವೇ ಅದು. ಗ್ರಾನೈಟ್ ಕೊರೆದಾಗ ಏಳುವ ಸಿಲಿಕಾ ಧೂಳಿನ ಅತಿ ಸಣ್ಣ ಕಣ ಕಣ್ಣಿಗೆ ಕಾಣುವುದಿಲ್ಲ. ನೇರ ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ಅದನ್ನು ನುಂಗಲು ಬಂದ ಜೀವಕೋಶಗಳೇ ಸಾಯುತ್ತವೆ, ಆ ಜಾಗದಲ್ಲಿ ಗಾಯ ಕಟ್ಟಿ ಗಟ್ಟಿಯಾಗುತ್ತದೆ. ಕೆಲಸ ಬಿಟ್ಟ ಮೇಲೂ ಅದು ಹರಡುತ್ತಾ ಹೋಗಬಹುದು. ಸಿಲಿಕೋಸಿಸ್ ಎನ್ನುತ್ತಾರೆ. ಇರುವವರಿಗೆ ಕ್ಷಯ ಬರುವ ಸಾಧ್ಯತೆ ಇತರರಿಗಿಂತ ಹಲವು ಪಟ್ಟು ಹೆಚ್ಚು. ಅಪ್ಪನಿಗೆ ಅದೇ ಇದೆ ಎಂದು ನಾನು ಹೇಳುತ್ತಿಲ್ಲ, ನಾನು ವೈದ್ಯಳಲ್ಲ. ಬರೀ ಶೀತವೂ ಇರಬಹುದು. ಆದರೆ ನೋಡಿಸದೆ ಕುಳಿತಿರಲು ಸಾಧ್ಯವಿಲ್ಲ.

ನಾನು ಈ ಕೆಲಸಕ್ಕೆ ಸೇರಿದ ದಿನ ಓದಲು ಕೊಟ್ಟ ಮೊದಲ ವರದಿಯಲ್ಲಿ ಹ್ಯಾರಿಸನ್ ಶ್ಮಿಟ್ ಅವರ ಕಥೆ ಇತ್ತು. ಅಪೊಲೊ 17ರಲ್ಲಿ ಹೋದ ಭೂವಿಜ್ಞಾನಿ. ಚಂದ್ರನ ಮೇಲೆ ನಡೆದು ನೌಕೆಗೆ ಬಂದು ಶಿರಸ್ತ್ರಾಣ ತೆಗೆದರು, ಉಡುಪಿಗೆ ಅಂಟಿದ್ದ ಧೂಳು ಮೂಗಿಗೆ ಹೋಯಿತು. ಸೀನು, ಮೂಗು ಕಟ್ಟುವುದು. ಅಲ್ಲಿ ಗಾಳಿಯಿಲ್ಲ, ನೀರಿಲ್ಲ. ಕಣಗಳ ಅಂಚು ಸವೆದು ನುಣುಪಾಗುವುದೇ ಇಲ್ಲ, ಒಡೆದ ಗಾಜಿನ ಪುಡಿಯಂತೆ ಚೂಪಾಗಿಯೇ ಉಳಿಯುತ್ತವೆ. ಗುರುತ್ವ ನಮ್ಮದರ ಆರನೇ ಒಂದು ಭಾಗ, ಹೀಗಾಗಿ ಕಣ ಶ್ವಾಸಕೋಶದ ಇನ್ನೂ ಆಳಕ್ಕೆ ಹೋಗಬಲ್ಲದು. ನಮ್ಮಲ್ಲಿ ಬಂಡೆ ಕೊರೆಯುವಾಗ ನೀರು ಬಿಟ್ಟರೆ ಧೂಳು ಕೂರುತ್ತದೆ, ಆ ಉಪಾಯ ಅಲ್ಲಿ ನಡೆಯದು. ನಿರ್ವಾತದಲ್ಲಿ ನೀರು ಉಳಿಯುವುದಿಲ್ಲ, ಅಲ್ಲಿ ಎಲ್ಲರೂ ಹುಡುಕುತ್ತಿರುವುದೇ ನೀರನ್ನು. ನಮ್ಮ ಚಂದ್ರಯಾನ-1 ಹೊತ್ತೊಯ್ದ ಉಪಕರಣದಿಂದಲೇ ಅಲ್ಲಿ ನೀರಿನ ಅಂಶವಿದೆ ಎಂದು 2009ರಲ್ಲಿ ಜಗತ್ತಿಗೆ ಗೊತ್ತಾಯಿತು, ಇದನ್ನು ನಾನು ಇಲ್ಲಿ ಸಿಕ್ಕವರಿಗೆಲ್ಲ ಹೇಳುತ್ತೇನೆ. ಧ್ರುವದ ಬಳಿ ಬಿಸಿಲು ಎಂದೂ ಬೀಳದ ಗುಂಡಿಗಳ ಮಂಜುಗಡ್ಡೆಯನ್ನು ಅಗೆದು, ಒಡೆದು ಜಲಜನಕ ಮತ್ತು ಆಮ್ಲಜನಕ ಮಾಡಿ, ಅದನ್ನೇ ಇಂಧನವಾಗಿಸುವುದು ಹಲವು ದೇಶಗಳ ಕನಸು. ಯಂತ್ರವೇ ಮಾಡಲಿ ಎನ್ನಬಹುದು. 2025ರ ಮಾರ್ಚ್‌ನಲ್ಲಿ ಕೊರೆಯುವ ಯಂತ್ರ ಹೊತ್ತು ಆ ಕಡೆ ಇಳಿದ ಅಥೀನಾ ನೌಕೆ ಪಕ್ಕಕ್ಕೆ ಉರುಳಿ ಬಿತ್ತು. ನೆಲ ಕೊರೆಯಲು ಆಗಲೇ ಇಲ್ಲ. ಕೆಟ್ಟ ಯಂತ್ರವನ್ನು ಎತ್ತಿ ನಿಲ್ಲಿಸಲು ಮುಂದೆ ಮನುಷ್ಯರೇ ಹೋಗುತ್ತಾರೆ. ಅವರು ಅಲ್ಲಿ ಒಂದು ದಿನಕ್ಕೆ ಪಡೆಯುವ ವಿಕಿರಣ ಭೂಮಿಯ ಮೇಲಿನದಕ್ಕಿಂತ ಸುಮಾರು 200 ಪಟ್ಟು ಹೆಚ್ಚು ಎಂದು ಚೀನಾದ ಚಾಂಗ್'ಎ-4 ನೌಕೆ ಅಳೆದಿದೆ.

ಇದರಲ್ಲಿ ಸಮಾಧಾನದ ಸುದ್ದಿಯೂ ಇದೆ, ನೀನು ರಾತ್ರಿಯೆಲ್ಲ ಯೋಚಿಸಬಾರದೆಂದು ಬರೆಯುತ್ತೇನೆ. ಚಂದ್ರನ ಮಣ್ಣಿನಲ್ಲಿ ಸ್ಫಟಿಕ ಸಿಲಿಕಾ, ಎಂದರೆ ಅಪ್ಪ ಕೊರೆದ ಬಂಡೆಯಲ್ಲಿ ತುಂಬಿರುವ ವಸ್ತು, ಬಹಳ ಕಡಿಮೆ. ಸಿಡ್ನಿಯ ವಿಜ್ಞಾನಿಗಳು 2025ರಲ್ಲಿ ಪರೀಕ್ಷಿಸಿದಾಗ, ಕೃತಕ ಚಂದ್ರಧೂಳು ಶ್ವಾಸಕೋಶದ ಜೀವಕೋಶಗಳಿಗೆ ಮಾಡಿದ ಹಾನಿ ನಗರದ ರಸ್ತೆಯ ಧೂಳು ಮಾಡಿದ್ದಕ್ಕಿಂತ ಕಡಿಮೆಯಿತ್ತು. ಅಂದರೆ ನನ್ನ ಗಾಜಿನ ಪೆಟ್ಟಿಗೆಗಿಂತ ನಾನು ದಿನಾ ದಾಟುವ ರಸ್ತೆಯೇ ನನಗೆ ಹೆಚ್ಚು ಅಪಾಯ. ಹೆದರಬೇಡ. ಆದರೂ ಇಲ್ಲಿ ಯಾರೂ ಕಾವಲು ಸಡಿಲಿಸಿಲ್ಲ. ಚಂದ್ರಧೂಳು ಒಂದು ಘನ ಮೀಟರ್ ಗಾಳಿಯಲ್ಲಿ 0.3 ಮಿಲಿಗ್ರಾಂ ಮೀರಬಾರದು ಎಂದು ನಾಸಾ ಮಿತಿ ಹಾಕಿದೆ. ಇನ್ನೂ ಹೋಗದ ಜನರ ಶ್ವಾಸಕೋಶಕ್ಕೆ ಈಗಲೇ ಅಳತೆ ಸಿದ್ಧವಾಗಿದೆ. ಅದನ್ನು ಓದಿದ ರಾತ್ರಿ ನಾನು ಅತ್ತುಬಿಟ್ಟೆ, ಅಮ್ಮ. ಅವರಿಗೆ ಏಕೆ ಎಂದಲ್ಲ. ಅವರಿಗೆ ಬೇಕು, ಇನ್ನೂ ಬಿಗಿಯಾದದ್ದೇ ಬೇಕು. ಅಪ್ಪನ ಮುಂದೆ ಒಂದು ದಿನವೂ ಯಾರೂ ಅಳತೆಯ ಯಂತ್ರ ಹಿಡಿದು ನಿಲ್ಲಲಿಲ್ಲವಲ್ಲ ಎಂದು.

ನೀನು ಕಲ್ಪನಾ ಚಾವ್ಲಾ ಅವರನ್ನು ನೆನೆದು ಬರೆದಿದ್ದೀಯೆ. 2003ರ ಫೆಬ್ರವರಿ 1 ನನಗೂ ನೆನಪಿದೆ, ನೀನು ಅಡುಗೆ ಬಿಟ್ಟು ಟಿವಿ ಮುಂದೆ ನಿಂತಿದ್ದೆ. ಅದೇ ವರ್ಷದ ಆಗಸ್ಟ್‌ನಲ್ಲಿ ಬ್ರೆಜಿಲಿನ ಅಲ್ಕಾಂತರಾ ಉಡಾವಣಾ ಕೇಂದ್ರದಲ್ಲಿ ರಾಕೆಟ್ ನೆಲದ ಮೇಲೆಯೇ ಹೊತ್ತಿ 21 ಜನ ಸತ್ತರು. ಆಕಾಶಕ್ಕೆ ಹೋಗುವವರಲ್ಲ, ಅದನ್ನು ಸಿದ್ಧಮಾಡುತ್ತಿದ್ದ ತಂತ್ರಜ್ಞರು. ಅವರಿಗೂ ಮನೆಯಲ್ಲಿ ಅಮ್ಮಂದಿರು ಇದ್ದರು. ನಿನ್ನನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ದೊಡ್ಡ ಕೆಲಸ ಎಂದಾಗ ಮೇಲೆ ಹೋದವರ ಮುಖವಷ್ಟೇ ನಮಗೆ ಕಾಣುತ್ತದೆ; ನಮ್ಮ ಅಪ್ಪನಂಥವರು ಚಿತ್ರದಲ್ಲಿ ಇರುವುದೇ ಇಲ್ಲ. ಅದು ನನಗೆ ಸಹಿಸದು.

ಈಗ ಮಾಡಬೇಕಾದದ್ದು ಕೇಳು. ತಮ್ಮ ಈ ವಾರವೇ ರಜೆ ಹಾಕಿ ಅಪ್ಪನನ್ನು ಜಿಲ್ಲಾ ಆಸ್ಪತ್ರೆಗೆ, ಎದೆರೋಗದ ವಿಭಾಗಕ್ಕೆ ಕರೆದುಕೊಂಡು ಹೋಗಲಿ. ಕೆಮ್ಮಿನ ಸಿರಪ್ಪು ಕೊಟ್ಟು ಕಳಿಸಿದರೆ ಎದ್ದು ಬರಬೇಡಿ. ಎದೆಯ ಎಕ್ಸ್‌ರೇ, ಉಸಿರಿನ ಪರೀಕ್ಷೆ, ಕ್ಷಯಕ್ಕಾಗಿ ಕಫದ ಪರೀಕ್ಷೆ, ಮೂರೂ ಆಗಬೇಕು. ಮೊದಲು ಯಾವ ಕೆಲಸ ಮಾಡುತ್ತಿದ್ದಿರಿ ಎಂದು ವೈದ್ಯರು ಕೇಳದಿದ್ದರೂ ಇವನೇ ಹೇಳಬೇಕು: ಕಲ್ಲು ಕೊರೆಯುತ್ತಿದ್ದರು, ಒಣ ಯಂತ್ರ, ಇಷ್ಟು ವರ್ಷ. ಆ ಒಂದು ಮಾತಿಲ್ಲದೆ ಎಷ್ಟೋ ಜನರಿಗೆ ಅಸ್ತಮಾ ಎಂದು ಬರೆದು ಕಳಿಸುತ್ತಾರೆ. ಪೆಟ್ಟಿಗೆಯ ತಳದಲ್ಲಿ ಅಪ್ಪನ ಹಳೆಯ ಸಂಬಳದ ಚೀಟಿಗಳಿವೆ, ಅವನ್ನು ಎಸೆಯಬೇಡ. ಅದೇ ರೋಗ ಎಂದಾದರೆ ನಮ್ಮ ಕಾನೂನಿನಲ್ಲಿ ಅದು ದುಡಿಮೆಯಿಂದ ಬರುವ ರೋಗಗಳ ಪಟ್ಟಿಯಲ್ಲಿದೆ, ಪರಿಹಾರ ಕೇಳುವ ದಾರಿಯಿದೆ. ಬೀಡಿ ಇವತ್ತೇ ನಿಲ್ಲಬೇಕು. ಖರ್ಚಿಗೆ ತಮ್ಮನ ಖಾತೆಗೆ ಹಣ ಹಾಕಿದ್ದೇನೆ. ಅಪ್ಪ ಕೇಳಿದರೆ ಅಕ್ಕನ ಮಕ್ಕಳ ಶಾಲೆಗೆ ಎನ್ನು.

ಈ ಕೆಳಗಿನದನ್ನು ಮಾತ್ರ ಅಪ್ಪನಿಗೆ ಓದಿ ಹೇಳು.

ಅಪ್ಪ, ಮಗಳು ಚಂದ್ರನನ್ನು ಅಗೆಯುತ್ತಿದ್ದಾಳೆ ಎಂದು ನೀವು ಎಲ್ಲರ ಹತ್ತಿರ ಹೇಳಿಕೊಳ್ಳುತ್ತೀರಂತೆ. ಬಂಡೆ ಕೊರೆಯುವುದರ ಬಗ್ಗೆ ನನಗೆ ಕೇಳುವುದು ಬಹಳವಿದೆ. ಧೂಳು ಯಾವಾಗ ಹೆಚ್ಚು ಏಳುತ್ತದೆ, ಕೊರೆಯುವ ಮೊದಲ ಕ್ಷಣದಲ್ಲೋ, ಸರಳು ಹೊರಗೆ ಎಳೆಯುವಾಗಲೋ? ಇಲ್ಲಿನ ಎಂಜಿನಿಯರುಗಳಲ್ಲಿ ಕೈಯಾರೆ ಕೊರೆದವರು ಯಾರೂ ಇಲ್ಲ. ನೀವು ಕುಳಿತು ಹೇಳಬೇಕು, ತಮ್ಮ ಬರೆದುಕೊಳ್ಳಲಿ. ಅದಕ್ಕೆ ಉಸಿರು ಬೇಕು. ಆಸ್ಪತ್ರೆಗೆ ಹೋಗಿ ಬನ್ನಿ.

ಅಮ್ಮ, ನಾನು ಚೆನ್ನಾಗಿ ತಿನ್ನುತ್ತಿದ್ದೇನೆ, ಚೆನ್ನಾಗಿ ಮಲಗುತ್ತಿದ್ದೇನೆ, ಚಳಿಗೆ ದಪ್ಪ ಕೋಟಿದೆ, ಮನೆ ಬೆಚ್ಚಗಿದೆ, ನೆರೆಯವರು ಒಳ್ಳೆಯವರು. ನನ್ನ ಬಗ್ಗೆ ಒಂದು ಚೂರೂ ಚಿಂತೆ ಬೇಡ. ಬೆಳಗಿನ ರೈಲಿಗೆ ಕಲೋನ್‌ಗೆ ಹೋಗಬೇಕು, ಅಲ್ಲಿ ಚಂದ್ರನ ನೆಲದಂತೆ ಕಟ್ಟಿದ ದೊಡ್ಡ ಸಭಾಂಗಣದಲ್ಲಿ ಪರೀಕ್ಷೆಗಳಿವೆ. ಇನ್ನೂ ಚೀಲ ಕಟ್ಟಿಲ್ಲ. ಎಕ್ಸ್‌ರೇ ಬಂದ ಕೂಡಲೇ ತಮ್ಮ ಅದನ್ನು ಬೆಳಕಿಗೆ ಹಿಡಿದು ಫೋಟೊ ತೆಗೆದು ಕಳಿಸಲಿ, ರಾತ್ರಿ ಎಷ್ಟು ಹೊತ್ತಾದರೂ ಸರಿ, ಫೋನ್ ಹತ್ತಿರವೇ ಇಟ್ಟುಕೊಂಡಿರುತ್ತೇನೆ. ಹಳೆಯ ಎಕ್ಸ್‌ರೇ ಇದ್ದರೆ ಅದನ್ನೂ ಒಯ್ಯಲಿ.

ಅವಸರದಲ್ಲಿ,
ನಿನ್ನ ಮಗಳು